ಜಗಲಿಗೆ ಹೀಟರ್ ಕೊಳ್ಳುವ ಮುನ್ನ

ಧನುರ್ಮಾಸ ಕಾಲಿಟ್ಟಿತೆಂದರೆ ಬೆಂಗಳೂರಿನಲ್ಲಿ ಚಳಿಯದೇ ಮಾತು. ನಗರದ ಪೂರ್ವಕ್ಕಿರುವ ಹೊರಮಾವನ್ನೇ ನೋಡಿ. ಕೆರೆ ಪಕ್ಕದ ಹಳ್ಳಿಯಾಗಿದ್ದದ್ದು ಈಗ ಬಡಾವಣೆಗಳ ಊರು. ಮನೆ ಮುಂದೊಂದು ಸಿಟ್‌ಔಟ್, ಮೇಲೆ ತಾರಸಿ. ಸಂಜೆ ಅಲ್ಲಿ ಕಾಫಿ ಹಿಡಿದು ಕೂರೋಣ ಅಂದ್ರೆ ಅತ್ತೆಯವರಿಗೆ ಮಂಡಿನೋವು, ಮಗುವಿಗೆ ನೆಗಡಿ. ‘ಹೊರಗೊಂದು ಹೀಟರ್ ಇಟ್ಟರೆ ಹೇಗೆ?’ ಎಂಬ ಯೋಚನೆ ಬರುವುದು ಸಹಜವೇ.

ಆದರೆ ನಮ್ಮ ಚಳಿ ಎಷ್ಟರದು? ಜನವರಿಯಲ್ಲೂ ಬೆಂಗಳೂರಿನ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ. ಊರಿನ ದಾಖಲೆಯ ಚಳಿಯೆಂದರೆ 1884ರ ಜನವರಿ 13ರಂದು ಇಳಿದ 7.8 ಡಿಗ್ರಿ. ಆದ್ದರಿಂದ ದೊಡ್ಡ ಯಂತ್ರದ ಅಗತ್ಯವಿಲ್ಲ.

ಇನ್ನೊಂದು ಮಾತು ನೆನಪಿರಲಿ: ಬಯಲಿನಲ್ಲಿ ಗಾಳಿಯನ್ನು ಬಿಸಿ ಮಾಡುವುದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಬಿಸಿಗಾಳಿ ಊದುವ ಕೋಣೆಯ ಬ್ಲೋಯರ್ ಹೊರಗೆ ದಂಡ. ಬಿಸಿಲಿನಂತೆ ನೇರವಾಗಿ ಮೈಗೆ ಶಾಖ ತಾಕಿಸುವಂಥದ್ದೇ ಬೇಕು.

ವಿದ್ಯುತ್ ಹೀಟರ್: ಗೋಡೆಗೆ ಹಾಕುವ ಇನ್‌ಫ್ರಾರೆಡ್ ಹೀಟರ್ ಇಂಥದ್ದು. ನಾಲ್ಕು ಜನ ಕೂರುವ ಜಾಗಕ್ಕೆ 1500 ವಾಟ್ ಸಾಕು. ಎರಡು ಗಂಟೆ ಉರಿಸಿದರೆ 3 ಯೂನಿಟ್ ಕರೆಂಟು. ಇದಕ್ಕೆ ಅರ್ಥಿಂಗ್ ಇರುವ 16 ಆಂಪ್‌ನ ದೊಡ್ಡ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ವಯರು ಎಳೆಯಲೇಬೇಡಿ. ಡಬ್ಬದ ಮೇಲೆ ‘ಐಪಿಎಕ್ಸ್4’ ಎಂದಿದೆಯೇ ನೋಡಿ. ನೀರಿನ ಹನಿ ಸಿಡಿದರೂ ತಡೆಯುತ್ತದೆ ಎಂದು ಅದರರ್ಥ.

ಗ್ಯಾಸ್ ಹೀಟರ್: ಹೋಟೆಲುಗಳ ಅಂಗಳದಲ್ಲಿ ನಿಂತಿರುವ ಕೊಡೆಯಾಕಾರದ ಹೀಟರ್ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸ್ ಕುಡಿಯುತ್ತದೆ. ಅಡುಗೆಮನೆಯ ಸಿಲಿಂಡರಿನಲ್ಲಿರುವುದೇ 14.2 ಕಿಲೋ, ಲೆಕ್ಕ ನೀವೇ ಹಾಕಿ! ಮೇಲಾಗಿ ಆ ಸಿಲಿಂಡರು ಅಡುಗೆಗೆಂದು ಕೊಟ್ಟದ್ದು. ಸಣ್ಣ ಸಿಟ್‌ಔಟಿಗೆ ಇದು ಬೇಡವೇ ಬೇಡ.

ಕೆಂಡದ ಅಗ್ಗಿಷ್ಟಿಕೆ: ಅಗ್ಗ, ಕರೆಂಟು ಹೋದರೂ ಉರಿಯುತ್ತದೆ. ತೆರೆದ ತಾರಸಿಯಲ್ಲಿ, ಮಕ್ಕಳಿಗೆ ನಿಲುಕದಂತೆ, ಸೆರಗು ಸೋಕದಷ್ಟು ದೂರದಲ್ಲಿಟ್ಟರೆ ತೊಂದರೆಯಿಲ್ಲ.

ಅಪಾಯ ಇರುವುದು ಆಮೇಲೆ. ‘ಇನ್ನೂ ಕೆಂಡ ಇದೆಯಲ್ಲ, ಸುಮ್ನೆ ಯಾಕೆ ಹಾಳು’ ಎಂದು ಅದನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳುತ್ತಾರೆ. ಹೊಗೆಯಾಡದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಮಲಗಿದವರು ಏಳದೇ ಹೋಗಬಹುದು. ಗಾಜು, ಪ್ಲಾಸ್ಟಿಕ್ ಪರದೆ ಹಾಕಿ ಮುಚ್ಚಿದ ಸಿಟ್‌ಔಟೂ ಕೋಣೆಯ ಲೆಕ್ಕವೇ. ಅಲ್ಲಿ ಕೆಂಡವೂ ಬೇಡ, ಗ್ಯಾಸೂ ಬೇಡ. ಬೆಂಕಿಯ ಹತ್ತಿರ ಕೂತವರಿಗೆ ತಲೆನೋವು, ತಲೆಸುತ್ತು, ಓಕರಿಕೆ ಬಂದರೆ ಮೊದಲು ಬಯಲಿಗೆ ಕರೆತನ್ನಿ. ತಡಮಾಡದೆ 108ಕ್ಕೆ ಫೋನ್ ಮಾಡಿ.

ಹೀಟರಿಗೆ ದುಡ್ಡು ಕೊಡುವ ಮೊದಲು ಒಂದು ವಾರ ಹೀಗೆ ಮಾಡಿ ನೋಡಿ: ಗಾಳಿ ಬೀಸುವ ಕಡೆಗೊಂದು ಬಿದಿರಿನ ತಟ್ಟಿ, ಕಾಲಡಿಗೆ ಜಮಖಾನ, ಅತ್ತೆಯವರಿಗೆ ಶಾಲು, ಕಾಲುಚೀಲ. ಜೊತೆಗೆ ಬಿಸಿಬಿಸಿ ಶುಂಠಿ ಕಷಾಯ. ಬಹಳಷ್ಟು ಮನೆಗಳಿಗೆ ಇಷ್ಟೇ ಸಾಕಾದೀತು.