ಮನೆಯಿಂದಲೇ ಬಿಸಿನೆಸ್ಸಾ? ಹುಳುಮನೆ ನೋಡಿ ಬನ್ನಿ

ಮನೆಯಿಂದಲೇ ಬಿಸಿನೆಸ್ ಮಾಡುವವರು ಗಮನ ನಿಲ್ಲಲ್ಲ ಅಂತ ಟೈಮರ್ ಆ್ಯಪ್ ಹುಡುಕುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವೇ ಗಡಿಯಾರ.

ಮರಿಯಿಂದ ಗೂಡಿನವರೆಗೆ ಸುಮಾರು 25 ದಿನ, ನಡುವೆ 4 ಜ್ವರ. ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವ ಹೊತ್ತು. ಆಗ ಹುಳು ತಿನ್ನಲ್ಲ. ಸೊಪ್ಪು ಹಾಕಬಾರದು, ಕದಲಿಸಲೂಬಾರದು. ಕೊನೆಯ ಜ್ವರ ಎದ್ದ ಮೇಲೆ ಲೆಕ್ಕವೇ ಬೇರೆ: ಒಟ್ಟು ಸೊಪ್ಪಿನಲ್ಲಿ ಶೇ. 80ರಷ್ಟು ಆ ಒಂದು ವಾರದಲ್ಲೇ ಖಾಲಿ. ಮದುವೆಯಿರಲಿ, ಜಾತ್ರೆಯಿರಲಿ, ಮನೆಯಲ್ಲಿ ಯಾರಾದರೂ ಇರಲೇಬೇಕು. ಬೆಳೆ ಕೆಟ್ಟರೆ ತಿಂಗಳ ದುಡಿಮೆ, ಹಾಕಿದ ದುಡ್ಡು ಎರಡೂ ಹೋಯ್ತು. ದಿನಾ ಎಂಟು ಗಂಟೆ ಸಮನಾಗಿ ದುಡಿಯಬೇಕೆಂಬ ನಮ್ಮ ಇಂಜಿನಿಯರಿಂಗ್ ಬುದ್ಧಿ ಇಲ್ಲಿ ನಡೆಯಲ್ಲ. ಸುಮ್ಮನಿರುವುದೂ ಕೆಲಸವೇ.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಬಾಗಿಲು. ಮೊದಲೆಲ್ಲ ವಾಸದ ಮನೆಯಲ್ಲೇ ತಟ್ಟೆ ಇಡುತ್ತಿದ್ದರು. ಈಗ ಎಷ್ಟೋ ಕಡೆ ಹುಳುಮನೆಯೇ ಬೇರೆ. ಊಜಿ ನೊಣ ನುಗ್ಗದಂತೆ ಜಾಲರಿ, ಕೈಕಾಲು ತೊಳೆದೇ ಒಳಗೆ. ನೆಂಟರು ಬಂದರೂ ಹೊರಗೇ ಮಾತು. ರೋಗ ತಡೆಯಲು ಮಾಡಿದ್ದು, ಹರಟೆಯನ್ನೂ ತಡೆಯುತ್ತದೆ.

ನನ್ನ ಬರೆಯುವ ಮೇಜಿಗೆ ಅಂಥ ಬಾಗಿಲಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಫೋನ್ ನೋಡಿದ್ದೇನೆ.