ಸಿ.ಟಿ. ಸ್ಕ್ಯಾನ್: ಭಯ ಬೇಡ, ಎಚ್ಚರವಿರಲಿ

ಔಷಧದ ಗುಣದಷ್ಟೇ ಅದರ ಪ್ರಮಾಣವೂ ಮುಖ್ಯವೆನ್ನುತ್ತದೆ ಆಯುರ್ವೇದ. ಸಿ.ಟಿ. ಸ್ಕ್ಯಾನಿನ ಕ್ಷ-ಕಿರಣಗಳಿಗೂ ಈ ಮಾತು ಸಲ್ಲುತ್ತದೆ. ನಿಸರ್ಗದಿಂದಲೇ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಎದೆಯ ಒಂದು ಎಕ್ಸ್-ರೇಯಿಂದ ಸುಮಾರು 0.1, ಹೊಟ್ಟೆಯ ಒಂದು ಸಿ.ಟಿ.ಯಿಂದ ಸುಮಾರು 8. ಇದರಿಂದ ಮುಂದೆ ಕ್ಯಾನ್ಸರ್ ಉಂಟಾಗುವ ಸಂಭವ ಅತ್ಯಲ್ಪ. ಆದರೆ ಪರೀಕ್ಷೆಗಳು ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಮಕ್ಕಳ ದೇಹ ಇನ್ನೂ ಸೂಕ್ಷ್ಮ. ಅವರ ಗಾತ್ರಕ್ಕೆ ತಕ್ಕಂತೆ ಕಿರಣದ ಪ್ರಮಾಣವನ್ನು ತಗ್ಗಿಸಬೇಕು.

ಆದ್ದರಿಂದ ಸದ್ಭಕ್ತರು ಹಳೆಯ ಫಿಲ್ಮ್ ಹಾಗೂ ವರದಿಗಳನ್ನು ಜೋಪಾನವಾಗಿರಿಸಿ ವೈದ್ಯರಿಗೆ ತೋರಿಸಬೇಕು. ಅನಗತ್ಯ ಮರುಪರೀಕ್ಷೆ ತಪ್ಪೀತು. ಅಲ್ಟ್ರಾಸೌಂಡ್ ಸಾಕಾಗುವುದೇ ಎಂದು ವಿಚಾರಿಸಬಹುದು. ಗರ್ಭಿಣಿಯರು ಮೊದಲೇ ತಿಳಿಸಬೇಕು. ಆದರೆ ತಲೆಗೆ ಬಲವಾದ ಪೆಟ್ಟು ಬಿದ್ದಾಗ, ಪಾರ್ಶ್ವವಾಯು ತಗಲಿದಾಗ ವಿಕಿರಣಕ್ಕೆ ಅಂಜಿ ಸ್ಕ್ಯಾನ್ ಬೇಡವೆನ್ನಬಾರದು. ಅಲ್ಲಿ ವಿಳಂಬವೇ ದೊಡ್ಡ ಅಪಾಯ.