ಹೊಲದ ಜೇಕು, ಅಂಗಡಿಯ ಭದ್ರಮುಷ್ಟಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ ಭಾಗದ ಎರೆಹೊಲಗಳಲ್ಲಿ ಮುಂಗಾರಿನ ಹದಮಳೆ ಬಿದ್ದರೆ ತೊಗರಿಗಿಂತ ಮೊದಲು ತಲೆ ಎತ್ತುವುದು ಜೇಕು. ಕಡುಹಸಿರು ಎಲೆ, ಮೂರು ಮೂಲೆಯ ದಂಟು, ತುದಿಯಲ್ಲಿ ಕಂದು-ನೇರಳೆ ತೆನೆ. ಹಿಡಿದು ಎಳೆದರೆ ಕೈಗೆ ಬರುವುದು ಎಲೆ ಮಾತ್ರ, ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೈಪೀರಸ್ ರೋಟಂಡಸ್. ಅಗೆದು ಒಣಗಿಸಿದ ಇದೇ ಗಡ್ಡೆ ಗ್ರಂದಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಅಥವಾ ಕೊನ್ನಾರಿ ಗಡ್ಡೆ, ಆಯುರ್ವೇದದಲ್ಲಿ ಮುಸ್ತಾ, ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಷಿಯಾಂಗ್ ಫು. ರೈತ ಅದನ್ನು ಕಸ ಎಂದು ಶಪಿಸುತ್ತಾನೆ, ವೈದ್ಯ ಮದ್ದು ಎಂದು ಕೊಳ್ಳುತ್ತಾನೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಉಪಯುಕ್ತ ಸಂಗತಿ ಕಾಣುತ್ತದೆ: ಜೇಕನ್ನು ಹೊಲದಿಂದ ಕಳೆಯಲು ಏನು ಮಾಡಬೇಕೋ ಅದನ್ನು ಮದ್ದಾಗಿಸಲೂ ಬಹುಪಾಲು ಅದನ್ನೇ ಮಾಡಬೇಕು. ಗಡ್ಡೆಯನ್ನು ಬೇಸಿಗೆಯಲ್ಲಿ ಮೇಲೆತ್ತಿ, ಆರಿಸಿ, ಒಣಗಿಸಬೇಕು.

ಮೊದಲು ಕಸದ ಕಡೆಯಿಂದ ನೋಡೋಣ. 1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಮೊದಲ ಸ್ಥಾನ ಜೇಕಿಗೇ ಸಿಕ್ಕಿತು. 90ಕ್ಕೂ ಹೆಚ್ಚು ದೇಶಗಳಲ್ಲಿ, 50ಕ್ಕೂ ಹೆಚ್ಚು ಬೆಳೆಗಳಲ್ಲಿ ಅದು ಕಾಡುತ್ತದೆ. ಇದಕ್ಕೆ ಬೀಜ ಕಾರಣವಲ್ಲ. ಜೇಕಿನ ಬೀಜ ಮೊಳೆಯುವುದೇ ಅಪರೂಪ. ನೆಲದಡಿ ಹರಿಯುವ ತೆಳು ಕಾಂಡದಲ್ಲಿ ಒಂದರ ಹಿಂದೆ ಒಂದು ಗಡ್ಡೆ ಸರಪಳಿಯಾಗಿ ಕಟ್ಟುತ್ತದೆ. ಪ್ರತಿ ಗಡ್ಡೆಯಲ್ಲೂ ಹಲವು ಮೊಗ್ಗುಗಳಿರುತ್ತವೆ. ಸರಪಳಿ ತುಂಡಾಗದಿರುವವರೆಗೆ ತುದಿಯ ಗಡ್ಡೆ ಉಳಿದವನ್ನು ಸುಪ್ತವಾಗಿಟ್ಟಿರುತ್ತದೆ. ಕುಂಟೆ ಹೊಡೆದು ಸರಪಳಿ ಕಡಿದ ಕೂಡಲೇ ಮಲಗಿದ್ದ ಗಡ್ಡೆಗಳೆಲ್ಲ ಏಳುತ್ತವೆ. ಮಳೆಗಾಲದಲ್ಲಿ ಒಂದೇ ಸಲ ಎಡೆಕುಂಟೆ ಹೊಡೆದು ಬಿಟ್ಟ ಹೊಲದಲ್ಲಿ ಜೇಕು ಮೊದಲಿಗಿಂತ ದಟ್ಟವಾಗುವುದು ಈ ಕಾರಣಕ್ಕೆ. ಬಿತ್ತಿದ ಕೂಡಲೇ ಸಿಂಪಡಿಸುವ ಪೆಂಡಿಮೆಥಾಲಿನ್‌ನಂಥ ಕಳೆನಾಶಕಗಳೂ ಇಲ್ಲಿ ಸೋಲುತ್ತವೆ. ಅವು ಬೀಜದಿಂದ ಬರುವ ಎಳೆ ಮೊಳಕೆಯನ್ನು ಕೊಲ್ಲುತ್ತವೆ, ಕೂಡಿಟ್ಟ ಪಿಷ್ಟದ ಬಲದಿಂದ ಗಡ್ಡೆ ಚಿಗುರುವುದನ್ನು ತಡೆಯಲಾರವು.

ಆದರೆ ಇಷ್ಟು ಗಟ್ಟಿಗ ಸಸ್ಯಕ್ಕೂ ಎರಡು ದೌರ್ಬಲ್ಯಗಳಿವೆ. ಒಂದು ನೆರಳು. ಜೇಕು ಜೋಳ, ಕಬ್ಬಿನ ಹಾಗೆ ಬಿರುಬಿಸಿಲಿನಲ್ಲಿ ವೇಗವಾಗಿ ಆಹಾರ ತಯಾರಿಸುವ ಗುಂಪಿಗೆ ಸೇರಿದ್ದು. ನೆರಳು ಬಿದ್ದರೆ ಅದರ ಗಡ್ಡೆ ಕಟ್ಟುವ ಶಕ್ತಿ ಕುಗ್ಗುತ್ತದೆ. ತೊಗರಿ ಮೊದಲ ಆರೆಂಟು ವಾರ ನಿಧಾನವಾಗಿ ಬೆಳೆಯುವುದರಿಂದ ಆ ಅವಧಿಯಲ್ಲಿ ಸಾಲಿನ ನಡುವಿನ ಬಯಲೆಲ್ಲ ಜೇಕಿಗೆ ಸಿಗುತ್ತದೆ. ನಡುಸಾಲಿನಲ್ಲಿ ಹೆಸರು, ಉದ್ದು ಹಾಕುವ ಹಳೆಯ ಪದ್ಧತಿ ಆ ಬಯಲನ್ನು ಬೇಗ ಮುಚ್ಚುತ್ತದೆ. ಎರಡನೆಯದು ಒಣಗುವಿಕೆ. ಗಡ್ಡೆಯ ತೇವ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮೊಗ್ಗುಗಳು ಸಾಯುತ್ತವೆ, ಮತ್ತೆ ಎಷ್ಟು ನೀರು ಕೊಟ್ಟರೂ ಚಿಗುರುವುದಿಲ್ಲ. ಗಡ್ಡೆಗಳಲ್ಲಿ ಹೆಚ್ಚಿನವು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ತೊಗರಿ ಕೊಯ್ಲಾಗಿ ಖಾಲಿಯಾದ ಹೊಲ, ಬಿರುಕು ಬಿಡುವ ಎರೆಮಣ್ಣು, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು: ಜೇಕನ್ನು ಒಣಗಿಸಿ ಕೊಲ್ಲಲು ಕಲಬುರಗಿ ಜಿಲ್ಲೆಯ ಬೇಸಿಗೆಗಿಂತ ಅನುಕೂಲ ಬೇರೆಲ್ಲೂ ಹುಡುಕಬೇಕಿಲ್ಲ.

ಈಗ ಮದ್ದಿನ ಕಡೆಯಿಂದ ನೋಡೋಣ. ಚೀನಾದಲ್ಲಿ ಈ ಗಡ್ಡೆಯನ್ನು ಅಗೆದು, ಕೂದಲಿನಂಥ ಬೇರುಗಳನ್ನು ಬೆಂಕಿಯಲ್ಲಿ ಸುಟ್ಟು, ಕುದಿನೀರಿನಲ್ಲಿ ಅದ್ದಿ ಇಲ್ಲವೇ ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಹಾಗೇ ಬಿಸಿಲಿಗೆ ಹಾಕುವುದೂ ಉಂಟು. ಆಮೇಲೆ ವಿನೆಗರ್‌ನಲ್ಲಿ ಹುರಿದು ಮುಟ್ಟಿನ ನೋವು, ಹೊಟ್ಟೆಯುಬ್ಬರಕ್ಕೆ ಕೊಡುವ ಯೋಗಗಳಲ್ಲಿ ಸೇರಿಸುತ್ತಾರೆ. ಅಲ್ಲಿನ 16ನೇ ಶತಮಾನದ ವೈದ್ಯ ಲಿ ಷಿಝೆನ್ ತನ್ನ ಔಷಧ ಮಹಾಕೋಶದಲ್ಲಿ ಸ್ತ್ರೀರೋಗಗಳ ಮದ್ದುಗಳಲ್ಲಿ ಇದಕ್ಕೆ ಎತ್ತರದ ಸ್ಥಾನ ಕೊಟ್ಟ. ನಮ್ಮಲ್ಲಿ ಜ್ವರದ ಬಾಯಾರಿಕೆಗೆ ಕೊಡುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಮುಸ್ತಾ ಒಂದು. ಅಜೀರ್ಣ, ಭೇದಿಗೆ ಅದು ಹಳೆಯ ಮದ್ದು. ದೂರದ ಎರಡು ಪರಂಪರೆಗಳು ಒಂದೇ ಗಡ್ಡೆಯನ್ನು ಹೊಟ್ಟೆಯ ತೊಂದರೆಗೆ ಬಳಸಿದವು ಎಂಬುದೇ ಅದರ ಗುಣಕ್ಕೆ ಪುರಾವೆಯಾಗದು, ಆದರೆ ಪರೀಕ್ಷಿಸಿ ನೋಡಲು ಅದು ಒಳ್ಳೆಯ ಕಾರಣ.

ಪರೀಕ್ಷಿಸಿದವರಿಗೆ ಸಿಕ್ಕಿದ್ದು ಸಣ್ಣದಲ್ಲ. ಗಡ್ಡೆಯ ಘಮಕ್ಕೆ ಸೆಸ್ಕ್ವಿಟರ್ಪೀನ್ ಎಂಬ ಗುಂಪಿನ ಎಣ್ಣೆಯ ಅಂಶಗಳು ಕಾರಣ; ಸೈಪಿರೀನ್, ಆಲ್ಫಾ-ಸೈಪಿರೋನ್ ಅವುಗಳಲ್ಲಿ ಮುಖ್ಯ. ರೋಟಂಡೋನ್ ಎಂಬ ಇನ್ನೊಂದು ಅಂಶವನ್ನು 1967ರಲ್ಲಿ ಮೊದಲು ಬೇರ್ಪಡಿಸಿದ್ದು ಈ ಗಡ್ಡೆಯಿಂದಲೇ. ಕರಿಮೆಣಸಿನ ಘಮಕ್ಕೂ ಅದೇ ಅಂಶ ಮುಖ್ಯ ಕಾರಣ ಎಂದು 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ಸುಡಾನಿನ ಅಲ್ ಖಿಡೆ ಎಂಬಲ್ಲಿ ಸಿಕ್ಕ ಪ್ರಾಚೀನ ಅಸ್ಥಿಪಂಜರಗಳ ಹಲ್ಲಿನ ಪಾಚಿಯನ್ನು ಪರೀಕ್ಷಿಸಿದ ತಂಡ, ಅಲ್ಲಿನ ಜನ ಸಾವಿರಾರು ವರ್ಷ ಜೇಕಿನ ಗಡ್ಡೆ ತಿಂದಿದ್ದರೆಂದು 2014ರಲ್ಲಿ ವರದಿ ಮಾಡಿತು. ಕೃಷಿ ಕಲಿತ ಮೇಲೂ ಆ ಜನರ ಹಲ್ಲುಗಳಲ್ಲಿ ಹುಳುಕು ಅಚ್ಚರಿಪಡುವಷ್ಟು ಕಡಿಮೆಯಿತ್ತು. ಹುಳುಕು ತರುವ ಬ್ಯಾಕ್ಟೀರಿಯಾವನ್ನು ಜೇಕಿನ ಸಾರ ತಡೆಯುತ್ತದೆಂಬ ಪ್ರಯೋಗಶಾಲೆಯ ಫಲಿತಾಂಶ ಇದಕ್ಕೆ ಒಂದು ವಿವರಣೆ ಕೊಡುತ್ತದೆ.

ಇಲ್ಲಿ ಏಳುವ ಮೊದಲ ಆಕ್ಷೇಪ ವೈದ್ಯಕೀಯದ್ದು, ಅದು ನ್ಯಾಯವಾದದ್ದೂ ಹೌದು. ಭೇದಿ, ಉರಿಯೂತದ ಮೇಲೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಪ್ರಯೋಗಶಾಲೆ ಮತ್ತು ಇಲಿಗಳಲ್ಲೇ ನಿಂತಿವೆ. ಮನುಷ್ಯರಲ್ಲಿ ನಡೆದ ದೊಡ್ಡ, ಕಟ್ಟುನಿಟ್ಟಿನ ಪರೀಕ್ಷೆಗಳು ತೀರ ಕಡಿಮೆ. ಹಾಗಾಗಿ ಭದ್ರಮುಷ್ಟಿ ಸಕಲ ರೋಗ ಕಳೆಯುತ್ತದೆ ಎನ್ನುವ ಜಾಹೀರಾತುಗಳನ್ನು ನಂಬಬಾರದು, ಬಸಿರಿಯರು ವೈದ್ಯರನ್ನು ಕೇಳದೆ ಸೇವಿಸಬಾರದು. ಆದರೆ ನನ್ನ ವಾದ ನಿಂತಿರುವುದು ಆ ದೊಡ್ಡ ಮಾತುಗಳ ಮೇಲಲ್ಲ. ಮದ್ದಿನ ತಯಾರಿಕೆಗೆ, ಊದುಬತ್ತಿಗೆ, ಸುಗಂಧಕ್ಕೆ ಒಣಗಿದ ಗಡ್ಡೆಯನ್ನು ಈಗಾಗಲೇ ಕೊಳ್ಳುವವರಿದ್ದಾರೆ ಎಂಬಷ್ಟೇ ಸಾಕು.

ಎರಡನೆಯ ಆಕ್ಷೇಪ ರೈತರದ್ದು: ಆರಿಸುವ ಕೂಲಿ ಗಿಟ್ಟುವುದೇ? ಗಡ್ಡೆ ಮಾರಿದ ಹಣದಿಂದಷ್ಟೇ ಲೆಕ್ಕ ಹಾಕಿದರೆ ಗಿಟ್ಟದಿರಬಹುದು. ಆದರೆ ಮಳೆಗಾಲದಲ್ಲಿ ಅದೇ ಜೇಕಿನ ಎಲೆ ಕೀಳಲು ಮತ್ತೆ ಮತ್ತೆ ಕೊಡುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ದುಡ್ಡು ಎಲೆಗೆ ಹೋಗುತ್ತದೆ, ಗಡ್ಡೆಗೆ ತಾಗುವುದೇ ಇಲ್ಲ. ಬರೀ ಉತ್ತು ಬಿಟ್ಟರೆ ಸಾಲದೇ ಎಂದು ಕೇಳಬಹುದು. ಹೆಂಟೆಯೊಳಗೆ ಸಿಕ್ಕ ಗಡ್ಡೆ ನಿಧಾನವಾಗಿ ಒಣಗುತ್ತದೆ. ನಡುವೆ ಒಂದು ಅಡ್ಡಮಳೆ ಬಿದ್ದರೆ ಅದು ಉಳಿದುಬಿಡುತ್ತದೆ. ಆರಿಸಿ ಹೊರಗೆ ಹಾಕಿದ್ದು ಮತ್ತೆ ಚಿಗುರದು. ಒಂದೇ ಬೇಸಿಗೆಯಲ್ಲಿ ಇದು ಮುಗಿಯುವ ಕೆಲಸವೂ ಅಲ್ಲ. ಅಮೆರಿಕದ ಅಲಬಾಮಾದಲ್ಲಿ 1930ರ ದಶಕದಲ್ಲಿ ನಡೆದ ಪ್ರಯೋಗಗಳು ಮೂರು ವಾರಕ್ಕೊಮ್ಮೆ ಉಳುತ್ತ ಎರಡು ಹಂಗಾಮು ಪಟ್ಟು ಹಿಡಿದಾಗ ಮಾತ್ರ ಜೇಕು ಹೊಲ ಬಿಟ್ಟಿತೆಂದು ತೋರಿಸಿದವು. ಹೊಸ ಗಡ್ಡೆ ಕಟ್ಟುವ ಮೊದಲೇ ಮತ್ತೆ ಕೈ ಹಾಕುವುದು ಅದರ ಗುಟ್ಟು.

ಮೂರನೆಯದು ಶುದ್ಧತೆಯ ಪ್ರಶ್ನೆ, ಈ ಜಿಲ್ಲೆಗೆ ಇದು ಮುಖ್ಯ. ಜೇಕು ಹೊಲದಲ್ಲಷ್ಟೇ ಅಲ್ಲ, ವಾಡಿ, ಶಹಾಬಾದ್‌ನಂಥ ಊರುಗಳ ಚರಂಡಿ ಬದಿ, ರೈಲು ಹಳಿಯ ಪಕ್ಕ, ಕಲ್ಲುಗಣಿಯ ನೀರು ನಿಂತ ಗುಂಡಿಗಳ ಅಂಚಿನಲ್ಲೂ ಬೆಳೆಯಬಲ್ಲದು. ಕೊಳಚೆ ಇರುವಲ್ಲಿ ಬೆಳೆದಾಗ ಅದು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳುವುದು ಗೊತ್ತಿರುವ ಸಂಗತಿ. ಅಂಥ ಜಾಗದ ಗಡ್ಡೆಯಾಗಲಿ, ಕಳೆನಾಶಕ ಹೊಡೆದ ಹೊಲದ ಗಡ್ಡೆಯಾಗಲಿ ಮದ್ದಿಗೆ ಸಲ್ಲದು. ಚಿಂಚೋಳಿಯ ವನ್ಯಜೀವಿಧಾಮದೊಳಗೆ ಅಗೆಯುವುದಕ್ಕೂ ಯಾರೂ ಕೈ ಹಾಕಬಾರದು, ಅಗತ್ಯವೂ ಇಲ್ಲ. ಕಾಡಿನ ಅನೇಕ ಬೇರುಗಳು ಮದ್ದಿನ ಆಸೆಗೆ ಬರಿದಾಗುತ್ತಿರುವಾಗ, ಅಗೆದಷ್ಟೂ ರೈತನಿಗೆ ಲಾಭವಾಗುವ ಬೇರು ಹೊಲದಲ್ಲೇ ಇದೆ. ಹಾಗೆಂದು ಯಾರೂ ಇದನ್ನು ಬೆಳೆಯಾಗಿ ನೆಡಬಾರದು. ಒಮ್ಮೆ ನೆಟ್ಟರೆ ಪಕ್ಕದ ಹೊಲವನ್ನೂ ಕೆಡಿಸುತ್ತದೆ.

ಆದ್ದರಿಂದ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ, ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ರೈತರ ಗುಂಪುಗಳು ಜೇಕು ಹತ್ತಿದ ಕೆಲವು ತೊಗರಿ ಹೊಲಗಳಲ್ಲಿ ಎರಡು ಬೇಸಿಗೆ ಈ ಪ್ರಯೋಗ ಮಾಡಿ ನೋಡಬೇಕು: ಮಾಗಿ ಉಳುಮೆ, ಗಡ್ಡೆ ಆರಿಸುವುದು, ಮುಂಗಾರಿನಲ್ಲಿ ಹೆಸರಿನ ನಡುಸಾಲು. ಆರಿಸಿದ ಗಡ್ಡೆಯ ತೂಕ, ಎಣ್ಣೆಯ ಪ್ರಮಾಣ, ಲೋಹದ ಅಂಶ, ಉಳಿದ ಕೂಲಿ, ತೊಗರಿಯ ಇಳುವರಿ ಎಲ್ಲವನ್ನೂ ಬರೆದಿಟ್ಟು ರೈತರ ಮುಂದೆ ಇಡಬೇಕು. ಫಲಿತಾಂಶಕ್ಕೆ ಕಾಯದೆ ರೈತರು ಈಗಲೇ ಮಾಡಬಹುದಾದ ಕೆಲಸವೂ ಒಂದಿದೆ: ಜೇಕಿಗೆ ಖರ್ಚು ಮಾಡುವ ಕೂಲಿಯಲ್ಲಿ ಒಂದು ಪಾಲನ್ನು ಮಳೆಗಾಲದಿಂದ ಬೇಸಿಗೆಗೆ ಬದಲಿಸಿ, ಎಲೆಯ ಬದಲು ಗಡ್ಡೆ ತೆಗೆಯಿರಿ.